ಹಿತ್ತಲ ಬಾವಿಯ ಹೆಚ್ಚುಕಮ್ಮಿ

ಹನ್ನೆರಡು ವರ್ಷ ಅಂತ ಹೇಳಿದವಳು ನಾನೇ. ಎಳ್ಳಮಾವಾಸ್ಯೆಯ ದಿನ ಅಕ್ಕನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಮುಗಿದು, ಬೇವಿನ ಗಿಡದ ನೆರಳಿಗೆ ಎಲ್ಲರೂ ಉಣ್ಣಲು ಕೂತಿದ್ದೆವು. ಸಜ್ಜೆಯ ಕಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಅಕ್ಕನ ಗಂಡನನ್ನು ನಾನು ಮಾಮಾ ಅಂತ ಕರೆಯುತ್ತೇನೆ. ಅವರು ಮೊಸರಿನ ಗಡಿಗೆಯನ್ನು ನನ್ನ ಕಡೆ ಸರಿಸುತ್ತ ಕೇಳಿದರು.

“ಅಕ್ಕೋರ, ಊರೂರ ಬಾವಿ ಲೆಕ್ಕಾ ನೀವ ಮಾಡಾಕತ್ತೀರಂತಲ್ಲ. ನಮ್ಮ ಹಿತ್ತಲ ಬಾವಿನೂ ಅದರಾಗ ಬಂದೈತೇನು?”

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಮಾಮಾ ನನ್ನನ್ನು ಹಾಗೆ ಕರೆಯುವುದು ಅರ್ಧ ತಮಾಷೆಗೆ, ಅರ್ಧ ಹೆಮ್ಮೆಗೆ.

“ಬಂದೈತ್ರಿ.”

“ಮತ್ತ, ನೀರು ಮನಿ ಪಾಯಾಕ ಮುಟ್ಟಾಕ ಎಷ್ಟ ವರ್ಷ ಬೇಕು?”

“ಹನ್ನೆರಡು ವರ್ಷ ಬೇಕ್ರಿ. ಭಾಳಂದ್ರ ಒಂದು ವರ್ಷ ಆಕಡೆ, ಒಂದು ವರ್ಷ ಈಕಡೆ.”

ರೊಟ್ಟಿ ಮುರಿಯುತ್ತ ಹೇಳಿದೆ. ಯೋಚಿಸುವುದಕ್ಕಂತ ಒಂದು ಗಳಿಗೆಯೂ ನಿಲ್ಲಲಿಲ್ಲ. ಮಾಮಾ ತಮ್ಮ ತಾಯಿಯ ಕಡೆ ತಿರುಗಿದರು. “ಕೇಳಿದೆಲ್ಲ ಯವ್ವಾ? ಹನ್ನೆರಡು ವರ್ಷ. ದಿಬ್ಬದ ಮ್ಯಾಲ ಹೊಸಾ ಮನಿ ಕಟ್ಟೂದು ಈಗ ಏನ ಅವಸರ ಇಲ್ಲ. ಮೊದಲ ಇದ್ದ ಮನಿ ಮಾಳಗಿ ಸೋರೂದು ಬಂದ್ ಮಾಡೂಣು.” ಆ ಮುದುಕಿ, ಮನೆಮಂದಿ ಎಲ್ಲ ಆಯಿ ಅನ್ನುವವರು, ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಊಟಕ್ಕೆ ಬಾಗಿದರು. ಆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಅಂದರೆ ಮನೆಯ ಮಣ್ಣಿನ ಚಾವಣಿಯ ಮೇಲೆ, ಹೊಸ ಮಣ್ಣು ಬಿತ್ತು. ಬುಟ್ಟಿ ಬುಟ್ಟಿ ಹೊತ್ತು ಹಾಕಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿದರು. ಅಕ್ಕ ಫೋನಿನಲ್ಲಿ, “ಈ ಸಲ ಒಂದು ಹನಿನೂ ಸೋರೂದಿಲ್ಲ ನೋಡು” ಅಂದಾಗ ನನಗೂ ಸಂತೋಷವಾಗಿತ್ತು.

ಅಕ್ಕನ ಊರು ಬೀಳಗಿಯಿಂದ ಮುಂದೆ, ಕೃಷ್ಣೆಯ ಹಿನ್ನೀರಿಗೆ ಹತ್ತಿರ. ಮುಳುಗುವ ಊರುಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಊರೊಳಗೆ ನೀರು ಬರಲಿಲ್ಲ, ಖರೆ. ಆದರೆ ನೆಲದ ಕೆಳಗೆ ಬಂತು. ಹಿನ್ನೀರು ನಿಂತ ಮೇಲೆ ಬಾವಿಗಳು ವರ್ಷದಿಂದ ವರ್ಷಕ್ಕೆ ತುಂಬಿಕೊಳ್ಳತೊಡಗಿದವು. ಮೊದಮೊದಲು ಜನ ಖುಷಿಪಟ್ಟರು. ಕೊಡಕ್ಕೆ ಕಟ್ಟುವ ಹಗ್ಗ ಗಿಡ್ಡವಾಯಿತು, ಜೋಳ ಬೆಳೆಯುವ ಹೊಲಗಳಿಗೆ ಕಬ್ಬು ಬಂತು. ಆಮೇಲೆ ತಗ್ಗಿನ ಹೊಲಗಳು ಜವಳು ಹಿಡಿದು ಬೆಳೆ ಬಾರದಾದವು. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಒಡೆಯಿತು. ಅಲ್ಲಿಯ ಮನೆಗಳೆಲ್ಲ ಕಲ್ಲು ಮಣ್ಣಿನ ಗೋಡೆಯವು. ತಲೆಯ ಮೇಲೆ ಕಟ್ಟಿಗೆಯ ತೊಲೆ, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಬುಡ ನೆಂದರೆ ಇಡೀ ಭಾರ ಎಲ್ಲಿ ಕೂರಬೇಕು?

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಬಾವಿಗಳ ನೀರು ಅಳೆಸುವ ಒಂದು ಕಚೇರಿಯವರು ಏಳೆಂಟು ವರ್ಷದ ಅಳತೆಗಳನ್ನು ತಂದುಕೊಟ್ಟು, ಯಾವ ಬಾವಿ ಎಷ್ಟು ಬೇಗ ಏರುತ್ತಿದೆ ಅನ್ನುವ ಕೋಷ್ಟಕ ಮಾಡಿಕೊಡಿ ಅಂದಿದ್ದರು. ಬೀಳಗಿ, ಮುಧೋಳ, ಜಮಖಂಡಿ ತಾಲೂಕುಗಳ ಬಾವಿಗಳು. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆಯಾದ ಮೇಲೆ ಒಮ್ಮೆ ಅಳೆದದ್ದು.

ಲೆಕ್ಕದಲ್ಲಿ ಒಂದೊಂದು ಬಾವಿಗೂ ಒಂದೊಂದು ಗೆರೆ. ಗೆರೆ ಎಷ್ಟು ಕಡಿದಾಗಿ ಏರುತ್ತದೋ ಅದೇ ಆ ಬಾವಿಯ ನೀರು ಏರುವ ವೇಗ. ಕೆಲವು ಬಾವಿಗಳನ್ನು ಹದಿನಾಲ್ಕು ಸಲ ಅಳೆದಿದ್ದರು, ಕೆಲವನ್ನು ನಾಲ್ಕೈದೇ ಸಲ. ನಾಲ್ಕು ಅಳತೆಯನ್ನಷ್ಟೇ ನಂಬಿ ಗೆರೆ ಎಳೆದರೆ, ಒಂದು ಜೋರು ಮಳೆಗಾಲಕ್ಕೆ ಅದು ಎತ್ತಲೋ ಹೊರಳುತ್ತದೆ. ಅದಕ್ಕಾಗಿಯೇ ಮಿಶ್ರ ಪರಿಣಾಮಗಳ ಮಾದರಿ ಅನ್ನುವ ಪದ್ಧತಿ ಇದೆ. ಅದು ಎಲ್ಲ ಬಾವಿಗಳಿಗೂ ಸೇರಿ ಒಂದು ಸರಾಸರಿ ಗೆರೆ ಹಾಕಿ, ಒಂದೊಂದು ಬಾವಿಯೂ ಅದರಿಂದ ಎಷ್ಟು ಬೇರೆ ಅಂತ ಅಂದಾಜು ಮಾಡುತ್ತದೆ. ಹೆಚ್ಚು ಅಳತೆ ಇರುವ ಬಾವಿಯ ಮಾತನ್ನು ಹೆಚ್ಚು ಕೇಳುತ್ತದೆ. ಕಡಿಮೆ ಅಳತೆ ಇರುವುದನ್ನು ಸರಾಸರಿಯ ಕಡೆಗೆ ಎಳೆದುಕೊಳ್ಳುತ್ತದೆ. ಒಳ್ಳೆಯ ಪದ್ಧತಿಯೇ. ಈಗಲೂ ಅದನ್ನೇ ಕಲಿಸುತ್ತೇನೆ.

ಅಕ್ಕನ ಹಿತ್ತಲ ಬಾವಿಗೆ ಇದ್ದದ್ದು ನಾಲ್ಕೇ ಅಳತೆ. ಬಾವಿಯ ಒಳಗೋಡೆಯಲ್ಲಿ ಹೆಜ್ಜೇನು ಕಟ್ಟಿದ್ದ ವರ್ಷಗಳಲ್ಲಿ ಅಳೆಯುವವರು ಹತ್ತಿರ ಹೋಗಿರಲಿಲ್ಲ. ಕೊನೆಯ ಅಳತೆಯಲ್ಲಿ ನೀರು ನೆಲದಿಂದ ಹನ್ನೆರಡು ಫೂಟು ಕೆಳಗಿತ್ತು. ಮನೆಯ ಪಾಯ ಆರು ಫೂಟು ಆಳ. ನಡುವೆ ಉಳಿದದ್ದು ಆರು ಫೂಟು. ಮಾದರಿ ಕೊಟ್ಟ ವೇಗ ವರ್ಷಕ್ಕೆ ಅರ್ಧ ಫೂಟು; ತಪ್ಪಿದರೆ ಅರ್ಧ ಇಂಚು ಹೆಚ್ಚು ಇಲ್ಲವೇ ಅರ್ಧ ಇಂಚು ಕಮ್ಮಿ, ಲೆಕ್ಕದಲ್ಲಿ ಹೆಚ್ಚುಕಮ್ಮಿ ಅನ್ನುವುದು ಅದಕ್ಕೇ. ಭಾಗಿಸಿದರೆ ಹನ್ನೆರಡು ವರ್ಷ, ಹೆಚ್ಚುಕಮ್ಮಿ ಒಂದು ವರ್ಷ. ಕೋಷ್ಟಕ ಕಚೇರಿಗೆ ಹೋಯಿತು. ಅಕ್ಕನಿಗೆ ಬೇವಿನ ನೆರಳಲ್ಲಿ ಬಾಯಿಮಾತಿನಲ್ಲೇ ಮುಟ್ಟಿತು.

ತಪ್ಪು ಕಣ್ಣಿಗೆ ಬಿದ್ದದ್ದು ಶ್ರಾವಣದ ಒಂದು ಮಧ್ಯಾಹ್ನ. ಕೊನೆಯ ವರ್ಷದ ಹುಡುಗಿಯರಿಗೆ ಪಾಠಕ್ಕೆಂದು ಸ್ಟಾಫ್ ರೂಮಿನಲ್ಲಿ ಕೂತು ಆ ಕೋಷ್ಟಕದಿಂದ ಎರಡು ಬಾವಿಗಳನ್ನು ಆರಿಸಿ ಗ್ರಾಫ್ ಹಾಳೆಯ ಮೇಲೆ ಎಳೆಯುತ್ತಿದ್ದೆ. ಒಂದು ರನ್ನ ಬೆಳಗಲಿಯ ಹೊಲದ ಬಾವಿ, ಹದಿನಾಲ್ಕು ಚುಕ್ಕಿ. ಇನ್ನೊಂದು ಅಕ್ಕನದು, ನಾಲ್ಕು ಚುಕ್ಕಿ. ಎರಡಕ್ಕೂ ಹೆಚ್ಚುಕಮ್ಮಿಯ ಪಟ್ಟಿ ಎಳೆದೆ. ಎರಡೂ ಪಟ್ಟಿ ಒಂದೇ ಅಗಲ ಬಂದವು.

ಪೆನ್ಸಿಲ್ ಕೈಯಲ್ಲೇ ನಿಂತಿತು. ಹದಿನಾಲ್ಕು ಸಲ ನೋಡಿದ ಬಾವಿಯೂ ನಾಲ್ಕು ಸಲ ನೋಡಿದ ಬಾವಿಯೂ ನನಗೆ ಅಷ್ಟೇ ಖಾತ್ರಿಯಾಗಿ ಗೊತ್ತು ಅಂತ ಆ ಹಾಳೆ ಹೇಳುತ್ತಿತ್ತು. ಅದು ಹೇಗಾದೀತು? ಕಂಪ್ಯೂಟರಿನಿಂದ ಬಂದ ಕಾಗದಗಳನ್ನು ತಿರುವಿ ಹಾಕಿದೆ. ಅರ್ಧ ಇಂಚು ಅನ್ನುವುದು ಸರಾಸರಿ ಗೆರೆಯ ಹೆಚ್ಚುಕಮ್ಮಿ. ಎಲ್ಲ ಬಾವಿಗಳು ಸೇರಿ ಕೊಟ್ಟ ಖಾತ್ರಿ ಅದು. ಅದನ್ನೇ ತಂದು ಪ್ರತಿಯೊಂದು ಬಾವಿಯ ಮುಂದೂ ಬರೆದುಬಿಟ್ಟಿದ್ದೆ. ಒಂದು ಬಾವಿ ಸರಾಸರಿಯಿಂದ ಎಷ್ಟು ಬೇರೆ ಅನ್ನುವ ಅಂದಾಜಿಗೂ ತನ್ನದೇ ಹೆಚ್ಚುಕಮ್ಮಿ ಇರುತ್ತದೆ, ನಾಲ್ಕು ಅಳತೆಯ ಬಾವಿಗಂತೂ ಅದೇ ದೊಡ್ಡದು. ಅದನ್ನು ನಾನು ಸೇರಿಸಿಯೇ ಇರಲಿಲ್ಲ. ನಾವು ಬಳಸುತ್ತಿದ್ದ ಪ್ರೋಗ್ರಾಂ ಅದನ್ನು ತಾನಾಗಿ ಕೊಡುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಹೊತ್ತಿಗೆ ಹೊರಗೆ ಮಳೆ ಬರುತ್ತಿತ್ತು. ನೆಲದ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅಕ್ಕನ ಮನೆಯ ಮಾಳಿಗೆಯ ಮೇಲೆ ನನ್ನ ಮಾತಿನಿಂದ ಬಿದ್ದ ಮಣ್ಣು ನೆನಪಾಯಿತು.

ಮುಂದಿನ ಎರಡು ಭಾನುವಾರ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲೇ ಕಳೆದೆ. ಸರಿಯಾದ ಹೆಚ್ಚುಕಮ್ಮಿ ತಿಳಿಯಲು ಒಂದು ದಾರಿ ಇತ್ತು. ಮಾದರಿ ಹೇಳುವ ಪ್ರಕಾರವೇ ಹುಸಿ ಬಾವಿಗಳನ್ನು ಹುಟ್ಟಿಸುವುದು, ನಿಜವಾದ ಬಾವಿಗಳಿಗೆ ಎಷ್ಟೆಷ್ಟು ಅಳತೆ ಇದ್ದವೋ ಅವಕ್ಕೂ ಅಷ್ಟಷ್ಟೇ ಹುಸಿ ಅಳತೆ ಕೊಡುವುದು, ಆಮೇಲೆ ಏನೂ ಗೊತ್ತಿಲ್ಲದವರಂತೆ ಮೊದಲಿಂದ ಲೆಕ್ಕ ಹಾಕುವುದು. ಹುಸಿ ಬಾವಿಯ ನಿಜವಾದ ವೇಗ ನಮಗೆ ಗೊತ್ತಿರುತ್ತದೆ, ಕೊಟ್ಟವರು ನಾವೇ ಅಲ್ಲವೇ? ಲೆಕ್ಕ ಅದರಿಂದ ಎಷ್ಟು ದೂರ ಬಿತ್ತು ಅಂತ ನೋಡಬೇಕು. ಹೀಗೆ ಸಾವಿರ ಸಲ. ನಡುನಡುವೆ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ. ಎರಡನೆಯ ಭಾನುವಾರ ಸಂಜೆಗೆ ಮುಂಚೆ ಲೆಕ್ಕ ಮುಗಿಯಿತು.

ರನ್ನ ಬೆಳಗಲಿಯ ಬಾವಿಯ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಕಡೆ ಹೋದವು. ಅಕ್ಕನ ಬಾವಿಯ ಗೆರೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಕೆಲವು ನೆಲಕ್ಕೆ ಸಮನಾಗಿ ಮಲಗಿದ್ದವು, ಅವುಗಳ ಲೆಕ್ಕದಲ್ಲಿ ನೀರು ಯಾವತ್ತೂ ಪಾಯಕ್ಕೆ ಬರುವುದಿಲ್ಲ. ಕೆಲವು ಕಡಿದಾಗಿ ಎದ್ದು ಮೂರು ವರ್ಷದೊಳಗೇ ಪಾಯ ಮುಟ್ಟಿದ್ದವು. ಆ ಮೂರರಲ್ಲಿ ಒಂದು ವರ್ಷ ಆಗಲೇ ಕಳೆಯುತ್ತ ಬಂದಿತ್ತು.

ಅಲ್ಲಿಂದ ಸೀದಾ ಬಸ್ ಹತ್ತಿ ಅಕ್ಕನ ಊರಿಗೆ ಹೋದೆ ಅಂತ ಬರೆಯಬೇಕಿತ್ತು. ಹೋಗಲಿಲ್ಲ. ಅದೇ ಈ ಬರಹದ ಅತಿ ನಾಚಿಕೆಯ ಭಾಗ. ಮಾಮಾ ಏನೆನ್ನುತ್ತಾರೋ, ಅಕ್ಕೋರ ಅಂತ ಕರೆಯುವ ಆ ದನಿ ಹೇಗೆ ಬದಲಾಗುತ್ತದೋ ಅಂತ ಅಂಜಿಕೆ. ಮೊದಲು ಕಚೇರಿಯ ಸಾಹೇಬರಿಗೆ ಹೇಳಿದರೆ ಆದೀತು ಅಂದುಕೊಂಡೆ. ಅವರು ಶಾಂತವಾಗಿ ಕೇಳಿಸಿಕೊಂಡರು. “ಮೇಡಂ, ನೀವು ಹೇಳೂದು ತಿಳೀತು. ಆದರ ಜನಾ ಒಂದು ನಂಬರ್ ಕೇಳತಾರ್ರಿ. ಮೂರು ವರ್ಷದಿಂದ ಯಾವತ್ತೂ ಇಲ್ಲದ ತನಕಾ ಅಂತ ಬರದ್ರ ನಗತಾರ” ಅಂದರು. ಕೆಟ್ಟ ಮನುಷ್ಯರಲ್ಲ. ವರ್ಗವಾಗಿ ಹೋಗುವ ಗಡಿಬಿಡಿಯಲ್ಲಿದ್ದರು. ಹೊಸಬರು ಬಂದ ಮೇಲೆ ನೋಡೋಣ ಅಂದರು.

ಮೂರು ವಾರ ಹಾಗೇ ಹೋಯಿತು. ಫೋನಿನಲ್ಲಿ ಅಕ್ಕನ ಹೆಸರು ಕಂಡರೆ ಎರಡು ಸಲ ಗಂಟೆ ಬಾರಿಸುವ ತನಕ ಎತ್ತಲು ಧೈರ್ಯ ಸಾಲುತ್ತಿರಲಿಲ್ಲ. ಎತ್ತಿದರೆ ಅವಳು, “ಯಾಕ ಧ್ವನಿ ಸಣ್ಣ ಆಗೇತಿ? ಉಂಡಿಲ್ಲೇನ?” ಅನ್ನುತ್ತಿದ್ದಳು. ಒಂದು ಸಲ ಹಾಗೇ ಮಾತಿನ ನಡುವೆ ಹೇಳಿದಳು, “ಅಡಗಿ ಮನಿ ಗ್ವಾಡಿಗೆ ಎಷ್ಟ ಸಲ ಸಾರಿಸಿದ್ರೂ ಹಸಿ ಆರವಲ್ದು. ಬುಡದಾಗ ಕೈ ಇಟ್ಟರ ತಣ್ಣಗ ಹತ್ತತೈತಿ.” ಅಡುಗೆ ಮನೆಯ ಗೋಡೆ ಅಂದರೆ ಬಾವಿಯ ಕಡೆಯದು. ಮರುದಿನ ರಜೆ ಬರೆದುಕೊಟ್ಟು ಬೀಳಗಿಯ ಬಸ್ ಹತ್ತಿದೆ.

ಉತ್ತರಿ ಮಳೆ ಹಿಡಿದಿತ್ತು. ದಾರಿಯುದ್ದಕ್ಕೂ ತಗ್ಗಿನ ಹೊಲಗಳಲ್ಲಿ ನೀರು ನಿಂತು ಆಕಾಶ ಕಾಣುತ್ತಿತ್ತು. ಮನೆಗೆ ಹೋದಾಗ ಆಯಿ ಕಟ್ಟೆಯ ಮೇಲೆ ಕೂತು ಕುರಿ ಉಣ್ಣೆಯ ನೂಲು ಸುತ್ತುತ್ತಿದ್ದರು. ಅವರದು ಬೀರೇಶ್ವರನ ಒಕ್ಕಲು, ಹಣೆಯ ತುಂಬ ಭಂಡಾರದ ಅರಿಷಿಣ. ಮಕ್ಕಳು ಸಾಲೆಗೆ ಹೋಗಿದ್ದರು. ಮಾಮಾ ಆಗಷ್ಟೇ ದಿಬ್ಬದ ಮೇಲಿನ ಕುರಿ ಹಟ್ಟಿಯಿಂದ ಇಳಿದು ಬಂದು ಕಂಬಳಿ ಕೊಡವುತ್ತಿದ್ದರು. ನಾನು ಚಹಾ ಬರುವ ತನಕವೂ ಕಾಯಲಿಲ್ಲ.

“ಮಾಮಾ, ಹನ್ನೆರಡು ವರ್ಷ ಅಂದಿದ್ನೆಲ್ರಿ, ಅದು ತಪ್ಪೈತಿ.”

“ತಪ್ಪಂದ್ರ? ಮತ್ತ ಎಷ್ಟ?”

“ಇಷ್ಟ ಅಂತ ಹೇಳಾಕ ಬರೂದಿಲ್ರಿ. ಎರಡು ಮಳಿಗಾಲದಾಗ ಬಂದರೂ ಬರಬಹುದು. ಯಾವತ್ತೂ ಬರದನೂ ಇರಬಹುದು. ಈ ಬಾವಿ ಭಾಳ ಸಲ ಅಳದಿಲ್ಲ. ಬ್ಯಾರೇ ಬಾವಿ ನೋಡಿ ಇದರ ಬಗ್ಗೆ ಹೇಳೀನಿ.”

ಮಾಮಾ ಕಂಬಳಿಯನ್ನು ಹಾಗೇ ಹಿಡಿದು ನಿಂತರು. “ಬಂದರೂ ಬರಬಹುದು, ಬರದನೂ ಇರಬಹುದು. ಇದನ್ನ ಹೇಳಾಕ ಜಮಖಂಡಿಯಿಂದ ಬಂದೇನು? ಇಷ್ಟು ನಾನೂ ಹೇಳತಿದ್ನೆಲ್ಲ. ನೀ ಕಲತವಳು ಅಂತ ನಿನ್ನ ಕೇಳಿದ್ನಿ.” ‘ಅಕ್ಕೋರ’ ಹೋಗಿತ್ತು, ‘ನೀವು’ ಹೋಗಿತ್ತು.

ಅಕ್ಕ ಬಾಗಿಲಲ್ಲಿ ಬಂದು ನಿಂತಳು. ಆಯಿ ನೂಲಿನ ಉಂಡೆಯನ್ನು ಉಡಿಯಲ್ಲಿ ಇಟ್ಟುಕೊಂಡರು.

“ಯವ್ವಾ, ನಿನಗ ಗೊತ್ತಿಲ್ಲ ಅಂತ ಹೇಳಾಕ ಬಂದೀ?”

“ಹೌದ್ರಿ ಆಯಿ.”

“ಎಷ್ಟ ಗೊತ್ತಿಲ್ಲ?”

ಇಷ್ಟು ವರ್ಷ ಕಲಿಸಿದ್ದೇನೆ, ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅಂಗಳದ ಹಸಿ ಮಣ್ಣಿನ ಮೇಲೆ ಕಡ್ಡಿ ತಗೊಂಡು ಬರೆದು ತೋರಿಸಿದೆ. ಇದು ಪಾಯ. ಇದು ಈಗಿನ ನೀರು. ನೀರು ಹೀಗೂ ಹೋಗಬಹುದು, ಹೀಗೂ ಹೋಗಬಹುದು. ಜೊತೆಗೆ ಒಂದು ಮಳೆಗಾಲ ಜೋರಾದರೆ ಗೆರೆಗಿಂತ ಎರಡು ಮೂರು ಫೂಟು ಮೇಲೆ ಜಿಗಿಯುತ್ತದೆ, ಅದು ಬೇರೆ. ಆಯಿ ಬಗ್ಗಿ ನೋಡಿದರು. ಆಮೇಲೆ ಎದ್ದು, “ಮನಿ ಬುಡದಾಗ ನೀರು ಎಲ್ಲಿ ತನಕಾ ಬಂದೈತಿ ನೋಡೂಣು, ಹಗೇವು ತಗೀರಿ” ಅಂದರು.

ಹಗೇವು ಅಂದರೆ ಜೋಳ ತುಂಬಿಡುವ ನೆಲಮನೆ, ಅಂಗಳದಲ್ಲಿ ಹತ್ತು ಫೂಟು ಆಳದ ಗುಂಡಿ. ಹೊಲಕ್ಕೆ ಕಬ್ಬು ಬಂದ ಮೇಲೆ ಅದು ಬರಿದಾಗಿ, ಬಾಯಿ ಮುಚ್ಚಿ ಮೂರು ವರ್ಷವಾಗಿತ್ತು. ಮಾಮಾ ಸಿಟ್ಟಿನಲ್ಲೇ ಮಣ್ಣು ಕೆದರಿ ಚಪ್ಪಡಿ ಎತ್ತಿದರು. ಮುಗ್ಗಲು ವಾಸನೆ ಬಂತು. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟು, ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿದರು. ನಾವು ನಾಲ್ವರೂ ಬಗ್ಗಿ ನೋಡುತ್ತಿದ್ದೆವು. ಕಂದೀಲು ಆರಲಿಲ್ಲ. ಕೆಳಗೆ ಕೆಳಗೆ ಹೋದಂತೆ, ಅದರ ಅಡಿಯಿಂದ ಇನ್ನೊಂದು ದೀಪ ಮೇಲಕ್ಕೆ ಬರುತ್ತಿರುವುದು ಕಂಡಿತು. ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಎರಡೂ ದೀಪ ಮುಟ್ಟಿದಲ್ಲಿ ಕಂದೀಲಿನ ಬುಡ ನೀರಿಗೆ ತಾಗಿ ಪುಳಕ್ ಅಂದಿತು.

ಮಾಮಾ ಹಗ್ಗ ಎಳೆದುಕೊಂಡು ಅಳೆದರು. ನೀರಿನ ಮೇಲ್ಮೈ ಒಂಬತ್ತು ಫೂಟಿನಲ್ಲಿತ್ತು. ಎಳ್ಳಮಾವಾಸ್ಯೆಯ ಹೊತ್ತಿಗೆ ಬಾವಿಯಲ್ಲಿ ಹನ್ನೆರಡಿದ್ದದ್ದು. ಅವರು ನನ್ನ ಕಡೆ ನೋಡಲಿಲ್ಲ.

“ಇವತ್ತಿಂದ ಮಲಗೂದು ದಿಬ್ಬದ ಮ್ಯಾಲ, ಕುರಿ ಹಟ್ಟಿ ಬಾಜೂಕಿನ ತಗಡಿನ ಸೆಡ್ಡಿನಾಗ” ಅಂದರು ಆಯಿ. “ಮಕ್ಕಳು, ದನಾ, ಎಲ್ಲಾ. ಬರದಿದ್ರ ಛಲೋನ ಆತು, ತಿರಿಗಿ ಬರೂಣು.”

ನಾನು ವಾಪಸ್ಸು ಹೋಗಲಿಲ್ಲ. ಕಾಲೇಜಿಗೆ ಫೋನ್ ಮಾಡಿ ಇನ್ನಷ್ಟು ರಜೆ ಕೇಳಿಕೊಂಡೆ. ಆ ಸಂಜೆಯೊಳಗೆ ಹಾಸಿಗೆ, ಧಾನ್ಯದ ಚೀಲ, ಮಕ್ಕಳ ಪುಸ್ತಕ, ದೇವರು, ಎಲ್ಲ ದಿಬ್ಬ ಏರಿದವು. ಆದರೆ ಸೆಡ್ಡಿನಲ್ಲಿ ಒಲೆ ಇರಲಿಲ್ಲ. ಮಳೆಗೆ ಹೊರಗೆ ಒಲೆ ಹೂಡುವ ಹಾಗಿರಲಿಲ್ಲ. ಅಡುಗೆ ಮಾತ್ರ ಹಗಲು ಹೊತ್ತಿನಲ್ಲಿ ಹಳೆ ಮನೆಯಲ್ಲೇ ನಡೆಯಿತು. ಎರಡು ಮೂರು ದಿನದ ಮಾತು ಅಂತ ಎಲ್ಲರೂ ಅಂದುಕೊಂಡೆವು.

ದಿನಕ್ಕೆ ಎರಡು ಸಲ ಬಾವಿ ಅಳೆಯುವುದು ನನ್ನ ಕೆಲಸವಾಯಿತು. ಟೇಪಿನ ತುದಿಗೆ ಖಡು, ಅಂದರೆ ಸೀಮೆಸುಣ್ಣ, ಹಚ್ಚಿ ಇಳಿಬಿಟ್ಟರೆ, ಬಿಳಿ ಎಲ್ಲಿಯ ತನಕ ತೊಯ್ದಿದೆಯೋ ಅಲ್ಲಿಯ ತನಕ ನೀರು. ಬಾವಿಯ ಕಟ್ಟೆಯ ಮೇಲೆ ಬಗ್ಗಿದಾಗಲೆಲ್ಲ ಕೆಳಗಿನ ಕರಿ ನೀರಿನಲ್ಲಿ ನನ್ನ ಮುಖ ಮೊದಲಿಗಿಂತ ಹತ್ತಿರ ಬಂದಂತೆ ಅನಿಸುತ್ತಿತ್ತು. ಎಂಟೂವರೆ. ಎಂಟೂಕಾಲು. ಎಂಟು. ಒಂದು ದಿನ ಇಡೀ ಅಲುಗಾಡಲಿಲ್ಲ, ಮನಸ್ಸು ಹಗುರಾಯಿತು. ಮರುದಿನ ಬೆಳಗ್ಗೆ ಒಮ್ಮೆಗೇ ಗೇಣಿನಷ್ಟು ಏರಿತ್ತು. ನನ್ನ ಹತ್ತಿರ ಈಗ ಅಳತೆಗೆ ಬರವಿರಲಿಲ್ಲ. ನೋಟುಬುಕ್ಕಿನ ಪುಟ ತುಂಬುತ್ತಿತ್ತು. ಆದರೂ ಇವೆಲ್ಲ ಒಂದೇ ಮಳೆಯ ಅಳತೆಗಳು. ಬಾವಿ ವರ್ಷಕ್ಕೆ ಎಷ್ಟು ಏರುತ್ತದೆ ಅನ್ನುವುದಕ್ಕೆ ಇವು ಹೆಚ್ಚೇನೂ ಸೇರಿಸುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಾಮಾ ಮಾತ್ರ ದೂರದಿಂದಲೇ ಕೇಳುತ್ತಿದ್ದರು, “ಎಷ್ಟ?” ಹೇಳುತ್ತಿದ್ದೆ. ಅಷ್ಟೇ ನಮ್ಮ ನಡುವಿನ ಮಾತು.

ಆರನೆಯ ದಿನ. ಮೂರು ದಿನದಿಂದ ಬಿಡದೆ ಸುರಿದ ಮಳೆ ಆ ಮುಂಜಾನೆ ನಿಂತು, ಬಿಸಿಲು ಬಿದ್ದಿತ್ತು. ಅದೇ ನಮಗೆ ಮೋಸ ಮಾಡಿತು. ಮಕ್ಕಳು ಸಾಲೆಗೆ ಹೋದರು. ಮಾಮಾ ಕುರಿ ಬಿಟ್ಟುಕೊಂಡು ಹೋದರು. ಅಕ್ಕ ರೊಟ್ಟಿ ಬಡಿಯಲು ಹಳೆ ಮನೆಗೆ ಇಳಿದಳು, ಆಯಿ ಮತ್ತು ನಾನು ಹಿಂದೆ ಹೋದೆವು. ಆಯಿ ಅಂಗಳದಲ್ಲಿ ಒದ್ದೆ ಕಂಬಳಿ ಹರವುತ್ತಿದ್ದರು. ನಾನು ಹಿತ್ತಲಲ್ಲಿ ಟೇಪು ಇಳಿಸುತ್ತಿದ್ದೆ. ಒಳಗಿಂದ ಅಕ್ಕ ರೊಟ್ಟಿ ಬಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

ಟೇಪು ಏಳು ಫೂಟು ಎರಡು ಇಂಚು ತೋರಿಸಿತು. ನೀರು ಪಾಯಕ್ಕಿಂತ ಇನ್ನೂ ಒಂದು ಫೂಟಿಗೂ ಹೆಚ್ಚು ಕೆಳಗೇ ಇದೆ ಅಂತ ಬರೆದುಕೊಳ್ಳುತ್ತಿದ್ದೆ. ಆಗ ಚೀಲ ಹರಿದು ಕಾಳು ಸುರಿದಂಥ ಸಣ್ಣ ಸದ್ದು ಕೇಳಿತು. ತಲೆ ಎತ್ತಿದೆ. ಅಡುಗೆ ಮನೆಯ ಗೋಡೆಯ ಕಲ್ಲುಗಳ ಸಂದಿಯಿಂದ ಮಣ್ಣು ಧಾರೆಯಾಗಿ ಇಳಿಯುತ್ತಿತ್ತು. ಗೋಡೆ ನಡುವಿನಲ್ಲಿ ಉಬ್ಬಿತ್ತು.

“ಅಕ್ಕಾ! ಹೊರಗ ಬಾ! ಅಕ್ಕಾ!”

“ಹಂಚಿನ ಮ್ಯಾಲ ರೊಟ್ಟಿ ಐತಿ, ತಡಿ...”

ಗೋಡೆ ನನ್ನ ಕಡೆಗೇ ಬಂತು. ನಾನು ಬಾವಿಯ ಕಟ್ಟೆಯ ಪಕ್ಕಕ್ಕೆ ಬಿದ್ದೆ. ಗೋಡೆಯ ಹಿಂದೆಯೇ ತೊಲೆ ಜಾರಿ, ತೊಲೆಯ ಹಿಂದೆ ಮಾಳಿಗೆಯ ಮಣ್ಣು, ಆ ಬೇಸಿಗೆಯಲ್ಲಿ ಬಡಿದು ಗಟ್ಟಿ ಮಾಡಿದ ಮಣ್ಣು, ಒಂದೇ ಉಸಿರಿಗೆ ಒಳಕ್ಕೆ ಕುಸಿಯಿತು. ಆಮೇಲೆ ಸದ್ದೇ ಇಲ್ಲ. ಬಿಸಿಲಲ್ಲಿ ಧೂಳು ಮತ್ತು ಒಲೆಯ ಹೊಗೆ ಕೂಡಿ ಮೇಲಕ್ಕೆ ಏಳುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಆಯಿ ಅಂಗಳದಿಂದ ಓಡಿ ಬಂದು, ನಾನಿನ್ನೂ ಏಳುವುದರೊಳಗೆ, ಬರಿಗೈಯಲ್ಲಿ ಮಣ್ಣು ಎಳೆಯತೊಡಗಿದ್ದರು. “ಕಲ್ಲ ತಗೀ, ಕಲ್ಲ ತಗೀ” ಅನ್ನುತ್ತಿದ್ದರು. ಇಬ್ಬರೂ ಎಳೆದೆವು. ನನ್ನ ಉಗುರು ಕಿತ್ತುಬಂದದ್ದು ಆಮೇಲೆ ಗೊತ್ತಾಯಿತು. ಅಕ್ಕನನ್ನು ಕೂಗಿದರೆ ಉತ್ತರವಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಮೂರು ವಾರ, ಮೂರು ವಾರ. ಆ ಮೂರು ವಾರ ಮುಂಚೆ ಬಂದಿದ್ದರೆ ದಿಬ್ಬದ ಮೇಲೆ ಒಲೆ ಇರುತ್ತಿತ್ತು.

ಓಣಿಯ ಜನ ಸಲಿಕೆ, ಬುಟ್ಟಿ ತಂದರು. ತೊಲೆ ಎತ್ತಿದಾಗ ಅಕ್ಕ ಸಿಕ್ಕಳು. ಮುಂದಿನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಅಡ್ಡಬಿದ್ದ ತೊಲೆ ಬಾಗಿಲ ಚೌಕಟ್ಟಿಗೆ ಆನಿಕೊಂಡ ಸಂದಿಯಲ್ಲಿ ಅವಳ ತಲೆ, ಎದೆ ಉಳಿದಿದ್ದವು. ಬಲಗಾಲು ಕಲ್ಲಿನ ಕೆಳಗಿತ್ತು. ಮುಖ ಪೂರ್ತಿ ಬೂದಿಬಣ್ಣ. ಆಯಿ ಸೆರಗಿನಿಂದ ಬಾಯೊಳಗಿನ ಮಣ್ಣು ತೆಗೆದರು. ಅಕ್ಕ ಕೆಮ್ಮಿದಳು. ಆ ಕೆಮ್ಮು ಕೇಳಿದ ಮೇಲೆಯೇ ನಾನು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟೆ.

ಟೆಂಪೋದಲ್ಲಿ ಬಾಗಲಕೋಟೆಗೆ ಒಯ್ದೆವು. ದಾರಿಯಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಕೇಳಿದ್ದು ಒಂದೇ, “ಮಕ್ಕಳು ಸಾಲ್ಯಾಗ ಅದಾರೆಲ್ಲ?” ಮೊಣಕಾಲ ಕೆಳಗೆ ಎರಡು ಕಡೆ ಮುರಿದಿತ್ತು. ಎರಡು ಸಲ ಕುಯ್ದು ರಾಡು ಹಾಕಿದರು. ಪಾದ ಉಳಿಯುತ್ತದೋ ಇಲ್ಲವೋ ಅಂತ ವಾರದ ತನಕ ಡಾಕ್ಟರು ಹೇಳಲಿಲ್ಲ. ಉಳಿಯಿತು, ಸ್ವಲ್ಪ ತಿರುಗಿಕೊಂಡು.

ಮಾಮಾ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನಿಂದ ನಾಲ್ಕು ಕುರ್ಚಿ ದೂರ ಕೂರುತ್ತಿದ್ದರು. ಆಯಿ ಮೂರನೆಯ ದಿನ ಬಂದು, ನಡುವಿನ ಕುರ್ಚಿಯಲ್ಲಿ ಕೂತು, ಉಡಿಯಿಂದ ಭಂಡಾರ ತೆಗೆದು ಮೊದಲು ಮಗನ ಹಣೆಗೆ, ಆಮೇಲೆ ನನ್ನ ಹಣೆಗೆ ಹಚ್ಚಿದರು.

ಅಕ್ಕ ಮನೆಗೆ, ಅಂದರೆ ದಿಬ್ಬದ ಸೆಡ್ಡಿಗೆ, ಬಂದ ಮೇಲೆ ನಾನು ಆ ಕೋಷ್ಟಕವನ್ನು ಮತ್ತೆ ಕೈಗೆತ್ತಿಕೊಂಡೆ. ಅದರಲ್ಲಿ ನಾಲ್ಕೈದು ಅಳತೆಯ ಬಾವಿಗಳು ಇನ್ನೂ ಇದ್ದವು. ಅವುಗಳ ಪಕ್ಕದಲ್ಲೂ ಮನೆಗಳಿದ್ದವು, ಆ ಮನೆಗಳಲ್ಲೂ ಯಾರೋ ರೊಟ್ಟಿ ಬಡಿಯುತ್ತಿದ್ದರು. ಪ್ರತಿ ಬಾವಿಗೂ ಅದರದೇ ಹೆಚ್ಚುಕಮ್ಮಿ ಹಾಕಿ ಹೊಸ ಕೋಷ್ಟಕ ಮಾಡಿದೆ. ಒಂದು ನಂಬರ್ ಇದ್ದಲ್ಲಿ ಎರಡು: ಬೇಗ ಅಂದರೆ ಇಷ್ಟು, ತಡ ಅಂದರೆ ಇಷ್ಟು. ಕಚೇರಿಗೆ ಬಂದ ಹೊಸ ಸಾಹೇಬರು ತಗೊಂಡು ಫೈಲಿಗೆ ಹಾಕಿದರು. ಫೈಲಿನಲ್ಲಿದ್ದರೆ ಗೋಡೆಯ ಕೆಳಗಿನವರಿಗೆ ಹೇಗೆ ಗೊತ್ತಾಗಬೇಕು? ರಜಾದಿನಗಳಲ್ಲಿ ನಾನೇ ಹೊರಟೆ. ಸಾವಳಗಿ ಕಡೆ ಎರಡು ಮನೆ, ಮುಧೋಳದ ಕಡೆ ಮೂರು, ಬೀಳಗಿ ತಾಲೂಕಿನಲ್ಲಿ ಉಳಿದವು. ಅಂಗಳದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದೆ. ಒಬ್ಬರು ನಕ್ಕರು. ಒಬ್ಬರು ಬಾಗಿಲು ಹಾಕಿಕೊಂಡರು. ಸಾವಳಗಿಯ ಹತ್ತಿರ ಒಬ್ಬ ಹೆಂಗಸು ಮಾತ್ರ ಮುಗಿಯುವ ತನಕ ಕೇಳಿ, “ನೀವ್ಯಾಕ್ರಿ ಹಿಂಗ ಅಂಜಿ ಮಾತಾಡತೀರಿ?” ಅಂದರು. ಆಕೆ ಒಳಗೆ ಹೋಗಿ ನೀರು ತಂದುಕೊಟ್ಟರು.

ಅಕ್ಕನ ಹಿತ್ತಲ ಬಾವಿ ಆ ವರ್ಷ ಏಳು ಫೂಟಿನಲ್ಲಿ ನಿಂತು, ಬೇಸಿಗೆಗೆ ಇಳಿಯಿತು. ಮರುವರ್ಷ ಅಷ್ಟು ಏರಲಿಲ್ಲ. ಆಮೇಲೆ ಸುತ್ತ ಕಬ್ಬಿನ ಹೊಲಗಳಲ್ಲಿ ಮೋಟರುಗಳು ಹೆಚ್ಚಾದವು, ಒಂದೆರಡು ಮಳೆಗಾಲ ಕೈಕೊಟ್ಟವು, ನೀರು ಹದಿನಾಲ್ಕು ಹದಿನೈದಕ್ಕೆ ಹೋಯಿತು. ನಾನು ಬಾಯಿ ಬಿಟ್ಟು ಹೇಳಿದ ಹನ್ನೆರಡು ವರ್ಷ ತುಂಬಿತು. ನೀರು ಪಾಯದ ಮಟ್ಟ ಮುಟ್ಟಲೇ ಇಲ್ಲ. ಹಾಗಾದರೆ ಗೋಡೆ ಬಿದ್ದದ್ದು ಯಾಕೆ? ಕೆಳಗಿನ ತೇವ ಮಣ್ಣಿನಲ್ಲಿ ಮೇಲಕ್ಕೆ ಹತ್ತಿತ್ತು, ಮೂರು ದಿನದ ಮಳೆ ಇತ್ತು, ಮಾಳಿಗೆಯ ಹೊಸ ಭಾರ ಇತ್ತು. ಯಾವುದು ಎಷ್ಟು ಅಂತ ಬಿಡಿಸಿ ಹೇಳಲು ಅಂಥದೇ ಇನ್ನೊಂದು ಮನೆ ಬೇಕು, ಭಾರವಿಲ್ಲದ್ದು. ಅಂಥದು ಇಲ್ಲ. ನನಗೆ ಗೊತ್ತಿರುವುದು ಇಷ್ಟು: ಆ ಭಾರ ಮಾಳಿಗೆ ಏರಿದ್ದು ನನ್ನ ಮಾತಿನ ಮೇಲೆ, ಮಕ್ಕಳು ಆ ಮಾಳಿಗೆಯ ಕೆಳಗೆ ಮಲಗುವುದು ನಿಂತದ್ದೂ ನನ್ನ ಮಾತಿನ ಮೇಲೆ.

ದಿಬ್ಬದ ಮೇಲೆ ಸಣ್ಣ ಮನೆ ಎದ್ದಿತು, ಸಿಮೆಂಟಿನದು. ಆಯಿ ಅದರಲ್ಲಿ ನಾಲ್ಕು ವರ್ಷ ಇದ್ದು ತೀರಿಕೊಂಡರು. ಮಾಮಾ ನನ್ನ ಜೊತೆ ಮಾತಾಡಲು ಒಂದೂವರೆ ವರ್ಷ ಬೇಕಾಯಿತು. ಒಂದು ದಿನ ಅವರೇ ಫೋನ್ ಮಾಡಿ, ದೊಡ್ಡ ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದಿದೆ, ರಜೆಗೆ ಜಮಖಂಡಿಗೆ ಕಳಿಸಲೇ ಅಂತ ಕೇಳಿದರು. “ಕಳಸ್ರಿ” ಅಂದೆ. “ಆತು, ಅಕ್ಕೋರ” ಅಂದು ಫೋನ್ ಇಟ್ಟರು.

ಅಕ್ಕ ಈಗ ಕುಂಟುತ್ತ ನಡೆಯುತ್ತಾಳೆ, ಆದರೆ ನನಗಿಂತ ಜೋರಾಗಿ. ಮೊನ್ನೆ ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಹೊಸ ಗೋಡೆಯನ್ನು ನೋಡುತ್ತ. ಸಿಮೆಂಟಿನ ಗೋಡೆ, ಕಲ್ಲು ನೆಲದ ಪಾಯ, ಗೊತ್ತು. ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

“ಯಾಕ ಅಲ್ಲೇ ನಿಂತೀ? ಒಳಗ ಬಾ, ಬಿಸಿ ಐತಿ” ಅಂದಳು ಅಕ್ಕ.

ಹೋಗಿ ಅವಳ ಪಕ್ಕದಲ್ಲಿ, ಬಾಗಿಲ ಕಡೆ ಮುಖ ಮಾಡಿ ಕೂತೆ.